ನಮ್ಮೂರ ಖಾಜಾ ಬಂದೇನವಾಜರು

ನಮ್ಮ ನಮ್ಮ ಊರಿನ ಒಬ್ಬ ಹಿರಿಯರ ಬಗ್ಗೆ ಬರೆಯಬೇಕು ಅಂದಾಗ ನನಗೆ ಬೇರೆ ಹೆಸರು ಹೊಳೆಯಲೇ ಇಲ್ಲ. ಅದಕ್ಕೆ ಕಾರಣ ನಮ್ಮ ಕೆಳಮನೆಯ ಆಪಾ.

ಕೀಲ್ಪಾಕಿನಲ್ಲಿ ನಾವಿರುವ ಅಪಾರ್ಟ್‌ಮೆಂಟಿನ ಮೊದಲ ಮಹಡಿಯಲ್ಲಿ ಅವರ ಮನೆ. ವೆಲ್ಲೂರು ಕಡೆಯವರು, ಮನೆಮಾತು ದಖನಿ. ಮದುವೆಯಾಗಿ ಚೆನ್ನೈಗೆ ಬಂದ ಹೊಸತರಲ್ಲಿ ನನಗೆ ತಮಿಳು ಬರುತ್ತಿರಲಿಲ್ಲ. ಲಿಫ್ಟಿನಲ್ಲಿ ಆಪಾ ಮಗಳ ಜೊತೆ ಮಾತಾಡುವುದು ಕಿವಿಗೆ ಬಿದ್ದಾಗ ಕಲಬುರ್ಗಿಯ ಸೂಪರ್ ಮಾರ್ಕೆಟ್ಟಿನಲ್ಲೇ ನಿಂತ ಹಾಗಾಯಿತು. ಅಂದಿನಿಂದ ಅವರದೂ ನಂದೂ ಸ್ನೇಹ. ಭಾನುವಾರ ಮಧ್ಯಾಹ್ನ ಅವರ ಹಾಲಿನಲ್ಲಿ ಹತ್ತು ಹನ್ನೆರಡು ಹೆಣ್ಣುಮಕ್ಕಳು ಸೇರಿ ಧರ್ಮದ ಮೂಲಪಾಠ ಓದುತ್ತಾರೆ. ಹೋದ ರಂಜಾನಿಗೆ ಮುಂಚೆ ಆ ಪಾಠಕ್ಕೆ ಸ್ಲೈಡು ಮಾಡಿಕೊಡು ಎಂದು ನನ್ನನ್ನು ಕೇಳಿದರು. ದಿನವಿಡೀ ಲ್ಯಾಪ್‌ಟಾಪಿನ ಮುಂದೆ ಕೂರುವವಳು ನಾನು, ಇದೇನು ಮಹಾ ಎಂದು ಒಪ್ಪಿಕೊಂಡೆ.

ಸ್ಲೈಡುಗಳು ಮೂರು ಭಾಗ. ಮೊದಲನೆಯದು ಈಮಾನ್, ಅಂದರೆ ನಂಬಿಕೆ: ಒಬ್ಬನೇ ದೇವರು, ಅವನ ದೇವದೂತರು, ಗ್ರಂಥಗಳು, ಪ್ರವಾದಿಗಳು, ಅಂತಿಮ ದಿನ, ದೈವನಿಯತಿ. ಎರಡನೆಯದು ಆರಾಧನೆ: ನಂಬಿಕೆಯ ಸಾಕ್ಷ್ಯವಚನ, ದಿನಕ್ಕೆ 5 ಹೊತ್ತಿನ ನಮಾಜು, ರಂಜಾನಿನ ಉಪವಾಸ, ಉಳಿತಾಯದ ಮೇಲೆ ನೂರಕ್ಕೆ ಎರಡೂವರೆಯಂತೆ ಜಕಾತ್, ಅನುಕೂಲವಿದ್ದವರಿಗೆ ಜೀವನದಲ್ಲಿ ಒಂದು ಸಲ ಹಜ್. ಮೂರನೆಯದು ಇಹ್ಸಾನ್. ಇದು ನನಗೆ ಹೊಸ ಪದ. ದೇವರನ್ನು ಕಣ್ಣಾರೆ ಕಾಣುತ್ತಿರುವಂತೆ ಆರಾಧಿಸುವುದು, ನಮಗೆ ಕಾಣದಿದ್ದರೂ ಅವನಿಗೆ ನಾವು ಕಾಣುತ್ತಿದ್ದೇವೆ ಎಂಬ ಎಚ್ಚರದಲ್ಲಿ ಬಾಳುವುದು ಎಂದು ಆಪಾ ಬಿಡಿಸಿ ಹೇಳಿದರು. ಪ್ರವಾದಿಯವರ ಬಳಿಗೆ ಜಿಬ್ರೀಲ್ ಎಂಬ ದೇವದೂತ ಅಪರಿಚಿತನ ವೇಷದಲ್ಲಿ ಬಂದು ಈ ಮೂರನ್ನೇ ಪ್ರಶ್ನೆಯಾಗಿ ಕೇಳಿದನೆಂದು ಹದೀಸಿನಲ್ಲಿದೆಯಂತೆ. ಟೈಪು ಮಾಡುತ್ತಾ ಕೂತಿದ್ದಾಗ ಆಪಾ ಸಹಜವಾಗಿ ಕೇಳಿದರು: ನೀನು ಬಂದೇನವಾಜರ ಊರಿನವಳಲ್ಲವಾ, ಅವರು ಇದನ್ನು ಹೇಗೆ ಕಲಿಸುತ್ತಿದ್ದರು ಅಂತ.

ನನ್ನ ಹತ್ತಿರ ಉತ್ತರವಿರಲಿಲ್ಲ. ಕಲಬುರ್ಗಿಯಲ್ಲಿ ಹುಟ್ಟಿ, ಇಂಜಿನಿಯರಿಂಗ್ ಮುಗಿಯುವವರೆಗೂ ಅಲ್ಲೇ ಇದ್ದವಳು. ನನಗೆ ಜ್ವರ ಬಂದಾಗ ನಮ್ಮಜ್ಜಿ ಆ ದರ್ಗಾದಲ್ಲಿ ಸಕ್ಕರೆ ಓದಿಸಿಕೊಂಡು ಬಂದು ಬಾಯಿಗೆ ಹಾಕುತ್ತಿದ್ದರು. ಉರುಸಿನಲ್ಲಿ ಬಳೆ ಕೊಂಡಿದ್ದೇನೆ, ಜೋಕಾಲಿ ಆಡಿದ್ದೇನೆ. ಆದರೆ ಆ ಗುಮ್ಮಟದ ಕೆಳಗೆ ಮಲಗಿದವರು ಯಾರು, ಏನು ಓದಿದರು, ಏನು ಕಲಿಸಿದರು ಎಂಬುದು 35 ವರ್ಷದಲ್ಲಿ ಒಮ್ಮೆಯೂ ತಲೆಗೆ ಬಂದಿರಲಿಲ್ಲ. ನಾಚಿಕೆಯಾಯಿತು. ಆಮೇಲೆ ಹುಡುಕಿ ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರ ನಿಜವಾದ ಹೆಸರು ಸೈಯದ್ ಮುಹಮ್ಮದ್ ಹುಸೈನಿ. ಹುಟ್ಟಿದ್ದು 1321ರಲ್ಲಿ, ದಿಲ್ಲಿಯಲ್ಲಿ. ತಂದೆ ಸೈಯದ್ ಯೂಸುಫ್ ಹುಸೈನಿ, ತಾಯಿ ಬೀಬಿ ರಾಣಿ. ಮುಹಮ್ಮದ್ ಬಿನ್ ತುಘಲಕ್ ತನ್ನ ರಾಜಧಾನಿಯನ್ನು ದಿಲ್ಲಿಯಿಂದ ದೌಲತಾಬಾದಿಗೆ ಎತ್ತಿಕೊಂಡು ಹೋದ ಕಥೆ ನಾವೆಲ್ಲ ಶಾಲೆಯಲ್ಲಿ ಓದಿ ನಕ್ಕಿದ್ದೇವೆ. ಆದರೆ ಹಾಗೆ ಗಂಟುಮೂಟೆ ಕಟ್ಟಿ ನಡೆದ ಮನೆಗಳಲ್ಲಿ ಇವರದೂ ಒಂದು. ಆಗ ಹುಡುಗನಿಗೆ ಆರೇಳು ವರ್ಷ. ದೌಲತಾಬಾದಿನಲ್ಲಿ ನೆಲೆಯೂರುವಷ್ಟರಲ್ಲಿ ತಂದೆ ತೀರಿಕೊಂಡರು. ಸಮೀಪದ ಖುಲ್ದಾಬಾದಿನಲ್ಲಿ ಅವರ ಸಮಾಧಿ ಇದೆ.

ಬೀಬಿ ರಾಣಿಯವರ ಅಣ್ಣ ದೌಲತಾಬಾದಿನಲ್ಲಿ ದೊಡ್ಡ ಅಧಿಕಾರಿ. ತಂಗಿ ಅವರ ಆಶ್ರಯದಲ್ಲಿ ನೆಮ್ಮದಿಯಾಗಿ ಇರಬಹುದಿತ್ತು. ಆದರೆ ಅಣ್ಣತಂಗಿಗೆ ಏನೋ ಮಾತು ಬೆಳೆದು ಮನಸ್ಸು ಮುರಿಯಿತು. ಆ ತಾಯಿ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು 1335ರ ಸುಮಾರಿಗೆ ಮತ್ತೆ ದಿಲ್ಲಿಯ ದಾರಿ ಹಿಡಿದರು. ವಿಧವೆ, ನೂರಾರು ಹರದಾರಿ ದೂರ, ಆ ಕಾಲ. ಜೀವನಚರಿತ್ರೆ ಬರೆದವರೆಲ್ಲ ಇದನ್ನು ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ. ನನಗೆ ಮಾತ್ರ ಅಲ್ಲಿಂದ ಮುಂದೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು. ಆ ತಾಯಿ ಅಣ್ಣನ ಮನೆಯಲ್ಲೇ ತಲೆ ತಗ್ಗಿಸಿ ಉಳಿದಿದ್ದರೆ ಮಗನಿಗೆ ಆ ಗುರು ಸಿಗುತ್ತಿರಲಿಲ್ಲ.

ಆ ಗುರು ಶೇಖ್ ನಸೀರುದ್ದೀನ್. ಜನ ಅವರನ್ನು ಚಿರಾಗ್-ಎ-ದೆಹಲಿ, ಅಂದರೆ ದಿಲ್ಲಿಯ ದೀಪ ಎಂದು ಕರೆಯುತ್ತಿದ್ದರು. ಹಜರತ್ ನಿಜಾಮುದ್ದೀನ್ ಔಲಿಯಾ ಅವರ ಪೀಠವನ್ನು ಮುಂದುವರಿಸಿದವರು. ಶುಕ್ರವಾರದ ನಮಾಜಿಗೆ ಹೋದಾಗ ಹುಡುಗ ಅವರನ್ನು ದೂರದಿಂದ ಕಂಡು ಮನಸೋತ. ಅಣ್ಣತಮ್ಮ ಇಬ್ಬರೂ ಹೋಗಿ ಶಿಷ್ಯರಾದರು.

ಇನ್ನು ಮುಂದಿನದು ಎಂಟೆಕ್ ಮಾಡಿದ ನನ್ನಂಥವರಿಗೆ ಬಹಳ ಹತ್ತಿರದ ಸಂಗತಿ. ಹದಿನಾರು ಹದಿನೇಳರ ಈ ಹುಡುಗನಿಗೆ ಧ್ಯಾನ, ಜಪ, ಏಕಾಂತದ ರುಚಿ ಹತ್ತಿತು. ಪುಸ್ತಕದ ಓದು ಒಣ ಅನ್ನಿಸತೊಡಗಿತು. ಓದು ಬಿಟ್ಟು ಪೂರ್ತಿ ಸಾಧನೆಗೇ ಇಳಿಯುತ್ತೇನೆ ಎಂದು ಗುರುವಿನ ಅಪ್ಪಣೆ ಕೇಳಿದರು. ಗುರು ಒಪ್ಪಲಿಲ್ಲ. ಯಾವ ಯಾವ ಗ್ರಂಥ ಮುಗಿಸಬೇಕೆಂದು ಹೆಸರು ಹಿಡಿದು ಹೇಳಿದರು. ಧರ್ಮಶಾಸ್ತ್ರದ ಮೂಲತತ್ವಗಳ ಬಜ್ದವಿ, ತರ್ಕಶಾಸ್ತ್ರದ ಶಂಸಿಯ್ಯಾ, ಕುರ್‌ಆನಿನ ವ್ಯಾಖ್ಯಾನವಾದ ಕಶ್ಶಾಫ್, ಹೀಗೆ. ಒಂದಕ್ಕಿಂತ ಒಂದು ಕಬ್ಬಿಣದ ಕಡಲೆ. ಅದರಲ್ಲೂ ಕಶ್ಶಾಫ್ ಬರೆದ ಜಮಖ್ಶರಿ ಬೇರೆ ಪಂಥದ ವಿದ್ವಾಂಸ. ಒಪ್ಪದವರ ಪುಸ್ತಕವನ್ನೂ ಪಠ್ಯದಲ್ಲಿ ಇಟ್ಟುಕೊಂಡ ಕಾಲ ಅದು. ಹುಡುಗ ದಿಲ್ಲಿಯ ಕಾಜಿ ಅಬ್ದುಲ್ ಮುಕ್ತದಿರ್ ಮೊದಲಾದ ವಿದ್ವಾಂಸರ ಬಳಿ ಕೂತು ಎಲ್ಲವನ್ನೂ ಮುಗಿಸಿದ ಮೇಲೆಯೇ ಗುರು ಏಕಾಂತ ಸಾಧನೆಗೆ ಬಿಟ್ಟದ್ದು.

ಆಪಾಳ ಮೂರು ಭಾಗ ಇಲ್ಲಿ ನನಗೆ ಅರ್ಥವಾಗತೊಡಗಿತು. ಮೊದಲೆರಡನ್ನು ದಾಟಿ ನೇರ ಮೂರನೆಯದಕ್ಕೆ ಜಿಗಿಯುವ ಆಸೆ ಬುದ್ಧಿವಂತ ಹುಡುಗರಿಗೆ ಯಾವ ಕಾಲದಲ್ಲೂ ಇರುತ್ತದೆ. ಏನನ್ನು ನಂಬಿದ್ದೇವೆ ಎಂದು ತಿಳಿಯದೆ, ದಿನದ ನಮಾಜು ಕ್ರಮಕ್ಕೆ ಬಾರದೆ, ಒಳಗಿನ ಬೆಳಕಿನ ಮಾತಾಡಬೇಡ ಎಂದು ಆ ಗುರು ತಡೆದರು. ಮುಂದೆ ಇವರು ತಮ್ಮ ಶಿಷ್ಯರಿಗೆ ಅದನ್ನೇ ಹೇಳಿದರು. ಶರೀಯತ್, ತರೀಕತ್, ಹಕೀಕತ್ ಎಂದು ಸೂಫಿಗಳು ಹೇಳುವ ಮೂರು ಮೆಟ್ಟಿಲಲ್ಲಿ ಮೇಲೆ ಹೋದವನು ಕೆಳಗಿನದನ್ನು ಒದೆಯುವಂತಿಲ್ಲ. ಸಿದ್ಧಿ ಬಂತೆಂದು ನಮಾಜು ಬಿಟ್ಟವನನ್ನು ಅವರು ಸೂಫಿ ಎಂದು ಒಪ್ಪಲಿಲ್ಲ.

ಗೇಸುದರಾಜ್ ಎಂಬ ಹೆಸರು ಬಂದದ್ದೂ ದಿಲ್ಲಿಯಲ್ಲೇ. ಪಾರ್ಸಿಯಲ್ಲಿ ಉದ್ದ ಕೂದಲಿನವನು ಎಂದರ್ಥ. ಶಿಷ್ಯರೆಲ್ಲ ಗುರುವಿನ ಪಲ್ಲಕ್ಕಿಗೆ ಹೆಗಲು ಕೊಟ್ಟಾಗ ಇವರ ನೀಳಕೂದಲು ಪಲ್ಲಕ್ಕಿಯ ಕಾಲಿಗೆ ಸಿಕ್ಕಿಕೊಂಡಿತಂತೆ. ನಿಲ್ಲಿಸಿ ಬಿಡಿಸಿಕೊಂಡರೆ ಗುರುವಿಗೆ ತೊಂದರೆ ಎಂದು ಎಳೆತ ತಡೆದುಕೊಂಡೇ ನಡೆದರಂತೆ. ಬಂದೇನವಾಜ್ ಎಂದರೆ ದೇವರ ದಾಸರನ್ನು ಸಲಹುವವರು. ಕಲಬುರ್ಗಿಯ ಜನರ ಬಾಯಲ್ಲಿ ನಿಂತದ್ದು ಈ ಹೆಸರು.

1356ರಲ್ಲಿ ಗುರು ತೀರಿಕೊಂಡರು. ಪರಂಪರೆಯಿಂದ ಬಂದ ನಿಲುವಂಗಿ, ಊರುಗೋಲು, ಜಪಮಾಲೆ, ಬಟ್ಟಲು, ಪಾದುಕೆಗಳನ್ನು ಅವರು ಯಾವ ಶಿಷ್ಯನಿಗೂ ಕೊಡಲಿಲ್ಲ, ತಮ್ಮ ಜೊತೆಗೇ ಹೂಳಬೇಕೆಂದು ಹೇಳಿದ್ದರು. 20 ವರ್ಷ ಸೇವೆ ಮಾಡಿದ ಶಿಷ್ಯನಿಗೆ ಇದು ಎಷ್ಟು ಚುಚ್ಚಿರಬೇಡ? ಮುಂದೆ ನಡೆದದ್ದನ್ನು ಶಿಷ್ಯಪರಂಪರೆ ಹೀಗೆ ನೆನೆಯುತ್ತದೆ. ಗುರುವಿನ ದೇಹಕ್ಕೆ ಕೊನೆಯ ಸ್ನಾನ ಮಾಡಿಸಿದವರು ಇವರು. ಸ್ನಾನ ಮಾಡಿಸಿದ ಮಂಚದ ಹಗ್ಗವನ್ನು ಬಿಚ್ಚಿ ಕೊರಳಿಗೆ ಹಾಕಿಕೊಂಡು, ನನಗೆ ಗುರು ಕೊಟ್ಟ ನಿಲುವಂಗಿ ಇದೇ ಎಂದರಂತೆ. ಆಫೀಸಿನಲ್ಲಿ ಬರಬೇಕಾದ ಬಡ್ತಿ ಬೇರೆಯವರಿಗೆ ಹೋದಾಗ ನಾನು ಒಂದು ವಾರ ಊಟ ಸರಿಯಾಗಿ ಮಾಡಿರಲಿಲ್ಲ. ಈ ಹಗ್ಗದ ಕಥೆ ಓದಿದ ದಿನ ಅದು ನೆನಪಾಯಿತು.

ಆಮೇಲೆ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ದಿಲ್ಲಿಯಲ್ಲೇ ಪಾಠ, ಬರವಣಿಗೆ. ನಲವತ್ತರ ಆಸುಪಾಸಿನಲ್ಲಿ ಮದುವೆಯಾದರು. ಅವರ ಪತ್ನಿ ಬೀಬಿ ರಜಾ. ಕಲಬುರ್ಗಿಯಲ್ಲಿ ಓದಿದವರಿಗೆ ಬೀಬಿ ರಜಾ ಮಹಿಳಾ ಕಾಲೇಜು ಗೊತ್ತಿರುತ್ತದೆ. ನನ್ನ ಇಬ್ಬರು ಗೆಳತಿಯರು ಅಲ್ಲಿ ಓದಿದರು, ಆ ಹೆಸರು ಯಾರದೆಂದು ನಾವು ಯಾರೂ ಕೇಳಿರಲಿಲ್ಲ.

ಅವರಿಗಿಂತ ಹಿಂದಿನ ದೊಡ್ಡ ಚಿಶ್ತಿ ಗುರುಗಳು ಪುಸ್ತಕ ಬರೆದವರಲ್ಲ. ಅವರ ಮಾತುಗಳನ್ನು ಶಿಷ್ಯರು ಬರೆದಿಟ್ಟರು, ಅಷ್ಟೆ. ಇವರು ಆ ರೂಢಿ ಮುರಿದರು. ಕುರ್‌ಆನಿಗೆ ವ್ಯಾಖ್ಯಾನ, ಹದೀಸಿನ ಗ್ರಂಥಕ್ಕೆ ಟೀಕೆ, ಸೂಫಿ ಶಿಷ್ಯರ ನಡವಳಿಕೆಯ ಬಗ್ಗೆ ಸುಹ್ರವರ್ದಿ ಬರೆದ ಹಳೆಯ ಅರಬ್ಬಿ ಪುಸ್ತಕಕ್ಕೆ ಪಾರ್ಸಿಯಲ್ಲಿ ವಿವರಣೆ, ಅದಕ್ಕೆ ಅನುಬಂಧವಾಗಿ ಖಾತಿಮಾ ಎಂಬ ಕೃತಿ, ರಹಸ್ಯಾನುಭವದ ಬಗ್ಗೆ ಅಸ್ಮಾರುಲ್ ಅಸ್ರಾರ್. ನೂರಕ್ಕೂ ಹೆಚ್ಚು ಎಂದು ಪರಂಪರೆ ಲೆಕ್ಕ ಹೇಳುತ್ತದೆ. ಪಟ್ಟಿಯನ್ನು ಗಮನಿಸಿದರೆ ನಂಬಿಕೆ, ಆರಾಧನೆ, ನಡತೆ ಮೂರೂ ಅದರಲ್ಲಿವೆ. ಎಲ್ಲ ವಸ್ತುವೂ ದೇವರೇ ಎಂಬಂತೆ ಕೇಳಿಸುವ ಇಬ್ನ್ ಅರಬಿಯ ಪಂಥವನ್ನು ಅವರು ಖಂಡಿಸಿದರು. ದೇವರು ನಮ್ಮ ಕಲ್ಪನೆಗೂ, ಕಲ್ಪನೆಯ ಆಚೆಗೂ ಆಚೆ ಎಂಬುದು ಅವರ ನಿಲುವು. ಬ್ರಾಹ್ಮಣ ಪಂಡಿತರೊಡನೆ ವಾದಕ್ಕೆ ಕೂರುತ್ತಿದ್ದರು, ಅದಕ್ಕಾಗಿ ಸಂಸ್ಕೃತ ಕಲಿತು ಅವರ ಪುರಾಣ ಇತಿಹಾಸಗಳನ್ನು ಓದಿಕೊಂಡಿದ್ದರು. ಎಲ್ಲ ಧರ್ಮವೂ ಒಂದೇ ಎಂದು ಹಾಡಿದವರ ಸಾಲಿಗೆ ಇವರನ್ನು ಸೇರಿಸುವುದು ನಮ್ಮ ಕಡೆಯ ಭಾಷಣಕಾರರ ರೂಢಿ. ಅದು ಸರಿಯಲ್ಲ ಅನ್ನಿಸುತ್ತದೆ. ತಮ್ಮ ನಂಬಿಕೆಯ ಬಗ್ಗೆ ಅವರಿಗೆ ಯಾವ ಅಳುಕೂ ಇರಲಿಲ್ಲ, ವಾದದಲ್ಲಿ ಗೆಲ್ಲಲೆಂದೇ ಕೂರುತ್ತಿದ್ದರು. ಆದರೆ ಎದುರಿನವನ ಪುಸ್ತಕ ಓದದೆ ಕೂರುತ್ತಿರಲಿಲ್ಲ.

ಸಂಗೀತದ ವಿಷಯದಲ್ಲಿ ಮಾತ್ರ ಅವರು ಅಪ್ಪಟ ಚಿಶ್ತಿ. ಕಟ್ಟುನಿಟ್ಟಿನ ಮೌಲ್ವಿಗಳು ಆಕ್ಷೇಪಿಸಿದರೂ ಸಮಾ, ಅಂದರೆ ದೇವರ ನೆನಪಿನ ಹಾಡು ಕೇಳುವುದನ್ನು ಬಿಡಲಿಲ್ಲ. ಎಲ್ಲಿ, ಯಾರೊಡನೆ, ಯಾವ ಮನಸ್ಸಿನಿಂದ ಕೇಳಬೇಕೆಂಬ ನಿಯಮ ಹಾಕಿಕೊಂಡರು. ಪಾರ್ಸಿ ಹಾಡಿಗೆ ಅದರದೇ ಸೊಗಸಿದೆ, ಆದರೆ ಇಲ್ಲಿನ ಹಿಂದವಿ ನುಡಿಯ ಹಾಡು ಇನ್ನೂ ಮೆದು, ಮನಸ್ಸನ್ನು ಕರಗಿಸಿ ಬಾಗಿಸುತ್ತದೆ ಎಂದು ಅವರು ಹೇಳಿದ್ದನ್ನು ಹಿರಿಯ ಮಗ ಅಕ್ಬರ್ ಹುಸೈನಿ ಜವಾಮಿಉಲ್ ಕಲಿಮ್ ಎಂಬ ಗ್ರಂಥದಲ್ಲಿ ದಾಖಲಿಸಿದ್ದಾರೆ.

1398ರ ಡಿಸೆಂಬರಿನಲ್ಲಿ ತೈಮೂರನ ಸೈನ್ಯ ದಿಲ್ಲಿಯ ಬಾಗಿಲಿಗೆ ಬಂತು. ಇವರು ಮನೆಮಂದಿಯನ್ನು ಕಟ್ಟಿಕೊಂಡು ಊರು ಬಿಟ್ಟರು. ಆಗ ಅವರ ವಯಸ್ಸು 77. ಆರು ವರ್ಷಕ್ಕೆ ಒಬ್ಬ ಸುಲ್ತಾನನ ಹಟಕ್ಕಾಗಿ ಬಿಟ್ಟ ಊರನ್ನು ಈಗ ಇನ್ನೊಬ್ಬನ ಕತ್ತಿಗೆ ಹೆದರಿ ಬಿಡಬೇಕಾಯಿತು. ಗ್ವಾಲಿಯರ್, ಚಂದೇರಿ, ಬಡೋದೆ, ಖಂಬಾತ್ ದಾಟಿ ದೌಲತಾಬಾದಿಗೆ ಬಂದರು. ದಾರಿಯುದ್ದಕ್ಕೂ ಪಾಠ ನಿಲ್ಲಲಿಲ್ಲ. ಅಕ್ಬರ್ ಹುಸೈನಿ ಆ ಗ್ರಂಥವನ್ನು ಬರೆದುಕೊಂಡದ್ದೂ ಈ ಅಲೆದಾಟದ ದಿನಗಳಲ್ಲೇ. ಕಲಬುರ್ಗಿಯ ಬಹಮನಿ ಸುಲ್ತಾನ ಫಿರೋಜ್ ಷಾ ಬರಮಾಡಿಕೊಂಡ. 1400ರ ಸುಮಾರಿಗೆ ಅವರು ನಮ್ಮೂರಿಗೆ ಬಂದು ಕೋಟೆಯ ಬಳಿ ಖಾನ್‌ಕಾಹ್, ಅಂದರೆ ಶಿಷ್ಯರ ಮಠ ಹೂಡಿದರು. ಕೋಟೆಯೊಳಗಿನ ಜಾಮಿಯಾ ಮಸೀದಿ ಕಟ್ಟಿ ಆಗಲೇ ಮೂವತ್ತು ವರ್ಷ ದಾಟಿತ್ತು. ಬಯಲು ಅಂಗಳವೇ ಇಲ್ಲದೆ ಪೂರ್ತಿ ಚಾವಣಿ ಹೊದ್ದ ಆ ಮಸೀದಿಯನ್ನು ನೀವೂ ನೋಡಿರಬಹುದು.

ಬಂದವರು 22 ವರ್ಷ ಇದ್ದರು. ಹದೀಸ್, ಕುರ್‌ಆನ್ ವ್ಯಾಖ್ಯಾನ, ಸೂಫಿ ತತ್ವ, ಬೇಕಾದಾಗ ನಂಬಿಕೆಯ ತರ್ಕ, ಧರ್ಮಶಾಸ್ತ್ರ, ಹೀಗೆ ಪಾಠ. ಊರ ಜನ ಮುಗಿಬಿದ್ದರು. ಚಿಶ್ತಿಗಳಲ್ಲಿ ಹೆಂಗಸರಿಗೂ ದೀಕ್ಷೆ ಉಂಟು. ಕೈ ಹಿಡಿದು ಪ್ರತಿಜ್ಞೆ ಮಾಡಿಸುವ ಬದಲು ನೀರಿನ ಬಟ್ಟಲು ಇಟ್ಟು, ಗುರು ಒಂದು ಬದಿಯಿಂದ, ಶಿಷ್ಯೆ ಇನ್ನೊಂದು ಬದಿಯಿಂದ ಬೆರಳು ಅದ್ದುವುದು.

ಸುಲ್ತಾನನಿಗೂ ಗುರುವಿಗೂ ಸರಿಬರಲಿಲ್ಲ. ಫಿರೋಜ್ ಷಾ ಸಾಮಾನ್ಯನಲ್ಲ, ಹಲವು ಭಾಷೆ ಬಲ್ಲವನು, ಗಣಿತ, ಖಗೋಳದ ಹುಚ್ಚು, ದೌಲತಾಬಾದಿನಲ್ಲಿ ವೀಕ್ಷಣಾಲಯ ಕಟ್ಟಿಸಲು ಹೊರಟವನು. ಅವನಿಗೆ ಗುರುವಿನ ಪಾಂಡಿತ್ಯ ಸಾಲದು ಅನ್ನಿಸಿತು ಎಂದು ಫೆರಿಶ್ತಾ ಎಂಬ ಇತಿಹಾಸಕಾರ ಬರೆಯುತ್ತಾನೆ. ಇಂಜಿನಿಯರ್ ಆಗಿ ನನಗೆ ಫಿರೋಜನ ಮೇಲೆ ಸ್ವಲ್ಪ ಪ್ರೀತಿ ಇದೆ, ಸುಳ್ಳು ಯಾಕೆ ಹೇಳಲಿ. ಅವನ ತಮ್ಮ ಅಹ್ಮದ್ ಮಾತ್ರ ಗುರುವಿನ ಭಕ್ತ, ಆಗಾಗ ಬಂದು ಪಾಠ ಕೇಳುತ್ತಿದ್ದ. ಫಿರೋಜ್ ತನ್ನ ಮಗ ಹಸನನನ್ನು ಉತ್ತರಾಧಿಕಾರಿ ಎಂದು ಸಾರಿ, ಅವನನ್ನು ಹರಸಬೇಕೆಂದು ಗುರುವಿಗೆ ಹೇಳಿಕಳಿಸಿದ. ಸುಲ್ತಾನನೇ ಆರಿಸಿದ ಮೇಲೆ ಬಡ ಫಕೀರನ ಹರಕೆ ಯಾಕೆ ಎಂದು ಜಾರಿಕೊಂಡರು. ಮತ್ತೆ ಒತ್ತಾಯ ಬಂದಾಗ, ಪಟ್ಟ ಅಹ್ಮದನಿಗೆ ಎಂದು ದೈವದಲ್ಲೇ ಬರೆದಾಗಿದೆ ಎಂದುಬಿಟ್ಟರು. ಫಿರೋಜ್ ಸಿಟ್ಟಾದ. ಕೋಟೆಯ ಪಕ್ಕ ಜನಜಂಗುಳಿ, ಗದ್ದಲ ಹೆಚ್ಚಾಯಿತು ಎಂಬ ನೆಪ ಹೇಳಿ ಮಠವನ್ನು ಊರಾಚೆಗೆ ಎತ್ತಿಸಿದ. ಇಂದು ದರ್ಗಾ ಇರುವುದು ಆ ಊರಾಚೆಯಲ್ಲೇ. ಊರೇ ಅದರ ಸುತ್ತ ಬೆಳೆದಿದೆ.

ಈ ಘಟನೆಯ ಬಗ್ಗೆ ನಾನು ಇನ್ನೂ ಯೋಚಿಸುತ್ತಿದ್ದೇನೆ. ರಾಜನ ಮುಖಕ್ಕೆ ಆಗದು ಎನ್ನಲು ಎದೆಗಾರಿಕೆ ಬೇಕು. ಆದರೆ ಚಿಶ್ತಿ ಗುರುಗಳ ಹಳೆಯ ದಾರಿ ಅರಮನೆಯಿಂದ ದೂರ ಇರುವುದು. ಇವರು ಅರಮನೆಯ ಕರೆಗೆ ಬಂದರು, ಅಣ್ಣತಮ್ಮರ ಪಟ್ಟದ ಜಗಳದಲ್ಲಿ ಅವರ ಮಾತಿಗೂ ಒಂದು ತೂಕ ಬಂತು. ಆಪಾ ಇದನ್ನು ಒಪ್ಪುವುದಿಲ್ಲ. ಕಂಡ ಸತ್ಯ ಹೇಳಿದರು, ಪಕ್ಷ ಹಿಡಿಯಲಿಲ್ಲ ಎಂಬುದು ಅವರ ವಾದ. ನಮ್ಮಿಬ್ಬರ ಚರ್ಚೆ ಅಲ್ಲಿಗೇ ನಿಂತಿದೆ.

ಈ ನಡುವೆ 1409ರ ಸುಮಾರಿಗೆ ಹಿರಿಯ ಮಗ ಅಕ್ಬರ್ ಹುಸೈನಿ ತೀರಿಕೊಂಡರು. ತಮ್ಮ ನಂತರ ಪೀಠಕ್ಕೆ ಇವನೇ ಎಂದುಕೊಂಡಿದ್ದ ಮಗ. ತಂದೆಗೆ ಆಗ ತೊಂಬತ್ತರ ಹತ್ತಿರ. ಪಾಠ ಮುಂದುವರಿಯಿತು.

1422ರ ಸೆಪ್ಟೆಂಬರಿನಲ್ಲಿ ಅಹ್ಮದ್ ಷಾ ಪಟ್ಟಕ್ಕೆ ಬಂದ. ಆ ನವೆಂಬರ್ 1ರಂದು ಗುರು ಕಣ್ಣುಮುಚ್ಚಿದರು. ಅವರ ವಯಸ್ಸು ಕೆಲವು ಕಡೆ 101, ಕೆಲವು ಕಡೆ 104 ಎಂದಿರುವುದನ್ನು ನೋಡಿ ನಾನು ಯಾವುದೋ ಒಂದು ತಪ್ಪು ಎಂದುಕೊಂಡಿದ್ದೆ. ಎರಡೂ ಸರಿ. ಹಿಜರಿ ವರ್ಷ ಚಾಂದ್ರಮಾನದ್ದು, 354 ದಿನ. ನಮ್ಮ 101 ವರ್ಷದಲ್ಲಿ ಅವರ 104 ಮುಗಿಯುತ್ತವೆ. ಉರುಸು ಪ್ರತಿವರ್ಷ ಹನ್ನೊಂದು ದಿನ ಹಿಂದೆ ಸರಿಯುವುದೂ ಇದೇ ಲೆಕ್ಕದಿಂದ.

ದೊಡ್ಡ ಗುಮ್ಮಟ ಕಟ್ಟಿಸಿದವನು ಅಹ್ಮದ್ ಷಾ. ಗುರುವಿನ ಮನೆತನಕ್ಕೆ ಊರುಗಳನ್ನೂ ಉಂಬಳಿ ಬಿಟ್ಟ. ಕೆಲವೇ ವರ್ಷಗಳಲ್ಲಿ ಅವನು ರಾಜಧಾನಿಯನ್ನೇ ಬೀದರಿಗೆ ಒಯ್ದ. ರಾಜರು ಹೋದರು, ದರ್ಗಾ ಉಳಿಯಿತು.

ಇನ್ನೊಂದು ಸಂಗತಿ ಹೇಳದಿದ್ದರೆ ಈ ಬರಹ ನಮ್ಮ ವೇದಿಕೆಗೆ ಸಲ್ಲದು. ಗುರುವಿನ ಪಾಠವೆಲ್ಲ ಪಾರ್ಸಿ, ಅರಬ್ಬಿಯಲ್ಲಿ. ಅಕ್ಷರ ಬಾರದ ಹೆಣ್ಣುಮಕ್ಕಳಿಗೆ ಅದು ತಲುಪಿದ್ದು ಹೇಗೆ? ಬೀಸುವ ಕಲ್ಲಿನ ಮುಂದೆ. ದಖನಿಯಲ್ಲಿ ಚಕ್ಕಿನಾಮಾ ಎಂಬ ಹಾಡುಗಳಿವೆ. ಕಲ್ಲಿನ ಹಿಡಿಗೂಟ ನೆಟ್ಟಗೆ ನಿಂತ ಅಲಿಫ್ ಅಕ್ಷರ, ಅದು ಅಲ್ಲಾಹನ ಗುರುತು. ನಡುವಿನ ಕೀಲು ಪ್ರವಾದಿ. ಕಲ್ಲು ಒಂದೊಂದು ಸುತ್ತು ತಿರುಗುವಾಗಲೂ ದೇವರ ಹೆಸರು. ನಂಬಿಕೆಯ ಮೊದಲ ಪಾಠ ಹಿಟ್ಟಿನ ಜೊತೆಗೇ ಇಳಿಯುತ್ತಿತ್ತು. ನೂಲುವ ರಾಟೆಗೆ ಚರ್ಖಾನಾಮಾ ಇತ್ತು. ಕೆಲವು ಹಾಡುಗಳಿಗೆ ಬಂದೇನವಾಜರದೇ ಹೆಸರು ಅಂಟಿಕೊಂಡಿದೆ. ಆದರೆ ಇಂಥ ಹಾಡುಗಳಲ್ಲಿ ಹೆಚ್ಚಿನವು ಅವರ ಶಿಷ್ಯಪರಂಪರೆಯ ವಿಜಯಪುರದ ಸೂಫಿಗಳು ನೂರಿನ್ನೂರು ವರ್ಷಗಳ ಮೇಲೆ ಕಟ್ಟಿದವು ಎಂಬುದು ವಿದ್ವಾಂಸರ ಅಭಿಪ್ರಾಯ. ಉರ್ದುವಿನ ಮೊದಲ ಗದ್ಯವೆಂದು ಬಹುಕಾಲ ಇವರ ಹೆಸರಲ್ಲಿದ್ದ ಮಿರಾಜುಲ್ ಆಶಿಕೀನ್ ಕೂಡ ಇವರದಲ್ಲ ಎಂದೇ ಈಗ ಹೇಳುತ್ತಾರೆ. ಅದೇ ಪರಂಪರೆಯ ವಿಜಯಪುರದ ಮೀರಾಂಜಿ ಶಂಸುಲ್ ಉಷ್ಷಾಕ್ ಅವರ ಖುಶ್‌ನಾಮಾ ಎಂಬ ಕಾವ್ಯದಲ್ಲಿ ದೇವರನ್ನು ಅರಸುವವಳು ಒಬ್ಬ ಹುಡುಗಿ.

ನಮ್ಮಜ್ಜಿಗೂ ಬೀಸುವ ಪದಗಳು ಬರುತ್ತಿದ್ದವು, ಶರಣರ ಮೇಲೆ, ತವರಿನ ಮೇಲೆ. ಓಣಿಯ ಮುಸ್ಲಿಂ ಹೆಂಗಸರು ಬೀಸುವಾಗ ಏನು ಹಾಡುತ್ತಿದ್ದರು ಎಂದು ಅವರನ್ನು ಕೇಳಬೇಕಿತ್ತು. ಈಗ ಅಜ್ಜಿ ಇಲ್ಲ. ಅವರ ಬೀಸುವ ಕಲ್ಲನ್ನು ಹಟ ಮಾಡಿ ಕೀಲ್ಪಾಕಿಗೆ ತಂದಿದ್ದೆ, ಬಾಲ್ಕನಿಯಲ್ಲಿ ಅದರ ಮೇಲೆ ತುಳಸಿ ಕುಂಡ ಇಟ್ಟಿದ್ದೆ.

ಸ್ಲೈಡು ಮುಗಿಸಿಕೊಟ್ಟ ದಿನ ಆಪಾಗೆ ಚಕ್ಕಿನಾಮಾದ ವಿಷಯ ಹೇಳಿದೆ. ಅವರು ಕೇಳಿರಲಿಲ್ಲ. ಅವರ ಅತ್ತೆ ಕೇಳಿದ್ದರು. ಎಂಬತ್ತು ದಾಟಿದ ಆ ಅಜ್ಜಿ ನಮ್ಮ ಬಾಲ್ಕನಿಗೆ ಬಂದು ಕೂತು, ಕುಂಡ ಕೆಳಗಿಳಿಸಲು ಹೇಳಿ, ಗೂಟದ ತೂತಿಗೆ ಬೆರಳು ಹಾಕಿ ನೋಡಿದರು. ಗೂಟ ಎಲ್ಲಿ ಎಂದು ಕೇಳಿದರು. ಸಾಮಾನು ಸಾಗಿಸುವಾಗ ಕಳೆದುಹೋಗಿತ್ತು. ಮರಗೆಲಸದವರನ್ನು ಕರೆಸಿ ಹೊಸದೊಂದು ಮಾಡಿಸಲು ಹೇಳಿದ್ದೇನೆ. ಮುಂದಿನ ಭಾನುವಾರ ಒಂದು ಪಾವು ಅಕ್ಕಿ ಇಟ್ಟುಕೊಂಡು ಕಾಯಬೇಕಂತೆ, ಹಾಡು ತಾನಾಗಿ ನೆನಪಿಗೆ ಬರುತ್ತದಂತೆ.